ಡಿಂಗಿ ತಗೊಳ್ಳೋಕ್ ಮುಂಚೆ ಇಬ್ರೂ ಸೇರಿ ಎತ್ತಿ ನೋಡಿ

ನಮ್ಮ ಬೋಟು 27 ಅಡಿದು, ಒಳಗೆ ಮಲಗೋಕೆ ಜಾಗ, ಒಂದು ಪುಟ್ಟ ಒಲೆ ಎಲ್ಲ ಇದೆ, ಬೇಸಿಗೇಲಿ ಟ್ರೈಲರ್ ಮೇಲೆ ಅನಕೋರ್ಟಿಸ್ ತನಕ ಎಳ್ಕೊಂಡ್ ಹೋಗಿ ಅಲ್ಲಿ ನೀರಿಗಿಳಿಸಿ ಸ್ಯಾನ್ ವಾನ್ ದ್ವೀಪಗಳ ಕಡೆ ಒಂದು ವಾರ ಸುತ್ತಿ ಬರ್ತೀವಿ (ವಾಷಿಂಗ್ಟನ್ ರಾಜ್ಯ, ಸಿಯಾಟಲ್‌ನಿಂದ ಉತ್ತರಕ್ಕೆ). ಬೋಟ್ ತಗೊಂಡಾಗ ಡಿಂಗಿ (ಬೋಟಿಂದ ದಡಕ್ಕೆ ಹೋಗಿ ಬರೋ ಪುಟ್ಟ ದೋಣಿ) ಬಗ್ಗೆ ತಲೇನೇ ಕೆಡಿಸ್ಕೊಂಡಿರ್ಲಿಲ್ಲ. ಸೂಶಾ ದ್ವೀಪಕ್ಕೆ ಹೋದ್ಮೇಲೆ ಗೊತ್ತಾಯ್ತು, ಅಲ್ಲಿಗೆ ಫೆರಿ ಇಲ್ಲ, ಎಕೋ ಬೇ ಅನ್ನೋ ಕೊಲ್ಲೀಲಿ ಬೋಟ್ ಕಟ್ಟೋಕಂತ್ಲೇ ಬಿಟ್ಟಿರೋ ತೇಲೋ ಬಾಯ್‌ಗೆ ಬೋಟ್ ಕಟ್ಟಿ ಮಿಕ್ಕಿದ್ದು ನಿಮ್ಮ ಪಾಡು, ದಡ ಎದುರಿಗೇ ಕಾಣ್ತಿದೆ ಆದ್ರೆ ಹೋಗೋಕೆ ಏನೂ ಇಲ್ಲ, ಮಕ್ಕಳು ಎರಡು ದಿನ ನಮ್ಮ ಮುಖಾನೇ ನೋಡ್ಕೊಂಡ್ ಕೂತಿದ್ವು.

ಮುಂದಿನ ಸಲ ಫ್ರೆಂಡ್ ಹತ್ರ ಒಂದು ಎರವಲು ತಂದೆ. 10 ಅಡಿ ರಿಬ್ಬು, ಅಂದ್ರೆ ತಳಕ್ಕೆ ಗಟ್ಟಿ ಫೈಬರ್, ಸುತ್ತ ಗಾಳಿ ಟ್ಯೂಬು, ಹಿಂದೆ 9.8 ಎಚ್‌ಪಿ ಮೋಟಾರು, ಎಲ್ಲ ಸೇರಿ ನೂರು ಕೆಜಿ ಮೇಲೆ. ಹೋಗೋವಾಗ ಹಾರ್ಕೊಂಡೇ ಹೋಯ್ತು, ಮಕ್ಕಳಿಗೆ ಖುಷಿಯೋ ಖುಷಿ. ದಡದಲ್ಲಿ ಕಟ್ಟಿ, ಕಾಡಲ್ಲಿ ಸುತ್ತಾಡಿ, ಪುಳಿಯೋಗರೆ ತಿಂದು ವಾಪಸ್ ಬಂದ್ರೆ ನೀರೇ ಇಲ್ಲ! ಆ ಕಡೆ ಉಬ್ಬರ ಇಳಿತದ ವ್ಯತ್ಯಾಸ ಕೆಲವು ದಿನ 10 ಅಡಿ ದಾಟುತ್ತೆ, ದಡ ಸಪಾಟಾಗಿದ್ರೆ ನೀರು ಎಲ್ಲೋ ದೂರ ಹೋಗಿರುತ್ತೆ. ಎಳೆಯೋಣ ಅಂದ್ರೆ ಕಲ್ಲಿಗೆಲ್ಲ ಬಾರ್ನಕಲ್ (ಗಟ್ಟಿ ಚಿಪ್ಪಿನ ಪುಟ್ಟ ಸಮುದ್ರಜೀವಿ) ಅಂಟ್ಕೊಂಡಿರುತ್ತೆ, ಬ್ಲೇಡ್ ಥರ ಚೂಪು, ಟ್ಯೂಬ್ ಗತಿ ಮುಗೀತು. ನಾಲ್ಕು ಗಂಟೆ ಒಂದು ದಿಮ್ಮಿ ಮೇಲೆ ಕೂತು ಸಮುದ್ರ ವಾಪಸ್ ಬರೋದನ್ನ ಕಾದ್ವಿ. ಅಲ್ಲೇ ನನ್ ಹೆಂಡ್ತಿ ಹೇಳಿದ್ದು, ನಾವಿಬ್ರು ಎತ್ತೋಕಾಗ್ದೇ ಇರೋದನ್ನ ಇನ್ಮೇಲೆ ತರಬೇಡ ಅಂತ.

ಅದೇ ರೂಲ್ ಇಟ್ಕೊಂಡು ಹುಡುಕೋಕೆ ಶುರು ಮಾಡಿದ್ವಿ. ಪೂರ್ತಿ ಗಟ್ಟಿ ಪ್ಲಾಸ್ಟಿಕ್ಕೋ ಫೈಬರ್ರೋ ಡಿಂಗಿ ನನಗಿಷ್ಟ, ಹುಟ್ಟು ಹಾಕೋಕೆ ಸೊಗಸು, ಆದ್ರೆ ಅಂಚಿಗೆ ಕಾಲಿಟ್ರೆ ವಾಲುತ್ತೆ, ರಾತ್ರಿಯೆಲ್ಲ ಬೋಟಿಗೆ ಡಬ್ ಡಬ್ ಅಂತ ಬಡೀತಿರುತ್ತೆ. ಗಾಳಿ ತುಂಬೋದು ಉಲ್ಟಾ, ಟ್ಯೂಬ್ ಮೇಲೆ ನಿಂತ್ರೂ ಅಲ್ಲಾಡಲ್ಲ ಆದ್ರೆ ಹುಟ್ಟು ಹಾಕಿದ್ರೆ ಗಾಳಿ ಬಂದ ಕಡೆ ಹೋಗುತ್ತೆ. ನಾನು ತಿ.ನರಸೀಪುರದ ಕಡೆಯವ್ನು, ಚಿಕ್ಕಂದಿನಲ್ಲಿ ಹರಿಗೋಲಲ್ಲಿ ಕೂತು ಹೊಳೆ ದಾಟಿದ್ದೀನಿ, ಇದೂ ಹಾಗೇ ತಿರುಗುತ್ತೆ, ಅಂಬಿಗನ ಕೈಚಳಕ ಮಾತ್ರ ನನಗಿಲ್ಲ.

ಕೊನೆಗೆ ಗಾಳಿ ತುಂಬೋದೇ, ತಳಾನೂ ಗಾಳೀದೇ. ಸರಿಯಾಗಿ ಪಂಪ್ ಮಾಡಿದ್ರೆ ಆ ತಳ ಪ್ಲೈವುಡ್ ಥರ ಗಟ್ಟಿಯಾಗುತ್ತೆ, ತೂಕ 25 ಕೆಜಿ ಆಸುಪಾಸು. ಪಟ್ಟಿ ಪಟ್ಟಿ ತಳದ್ದು ಇನ್ನೂ ಅಗ್ಗಕ್ಕೆ ಸಿಗುತ್ತೆ, ನಿಂತ್ರೆ ಹಳೇ ಮಂಚದ ಥರ ಬಗ್ಗುತ್ತೆ, ಬೇಡ ಅನ್ನಿಸ್ತು. ಟ್ಯೂಬಿನ ಬಟ್ಟೆ ವಿಚಾರಕ್ಕೆ ಹೈಪಲಾನ್ (ಒಂಥರಾ ರಬ್ಬರ್ ಲೇಪದ ಬಟ್ಟೆ) ಬಿಸಿಲು ತಡೆಯುತ್ತೆ ಆದ್ರೆ ರೇಟು ಜಾಸ್ತಿ, ನಮ್ಮಲ್ಲಿ ಬಿಸಿಲು ಇರೋದೇ ಮೂರು ತಿಂಗಳು, ಮಿಕ್ಕಿದ ದಿನ ಅದು ಗ್ಯಾರೇಜಲ್ಲಿ, ಹಾಗಾಗಿ ಪಿವಿಸಿ ತಗೊಂಡ್ವಿ. ಫ್ಲೋರಿಡಾದಲ್ಲಿ ಇದ್ದಿದ್ರೆ ಬೇರೆ ಲೆಕ್ಕ.

ಉದ್ದದ ವಿಷಯದಲ್ಲಿ ಸ್ವಲ್ಪದ್ರಲ್ಲಿ ಎಡವ್ತಿದ್ದೆ. ಡಿಸ್ಕೌಂಟಲ್ಲಿ ಒಂಬತ್ತೂವರೆ ಅಡಿದು ಸಿಕ್ಕಿತ್ತು, ದುಡ್ಡು ಕೊಡೋಕ್ ಮುಂಚೆ ಟೇಪ್ ಹಿಡಿದೆ. ಪರ್ಮಿಟ್ ಇಲ್ದೆ ರೋಡಲ್ಲಿ ಎಳೆಯೋ ಬೋಟ್ ಇಲ್ಲಿ 8 ಅಡಿ 6 ಇಂಚಿಗಿಂತ ಅಗಲ ಇರಂಗಿಲ್ಲ, ನಮ್ದೂ ಅಷ್ಟೇ ಅಗಲ, ಹಿಂದೆ ನೀರಿಗಿಳಿಯೋಕೆ ಇರೋ ಹಲಗೆ, ಅಂದ್ರೆ ಸ್ವಿಮ್ ಪ್ಲಾಟ್‌ಫಾರ್ಮ್ ಮೇಲೆ ಡಿಂಗಿ ಮಗ್ಗುಲಾಗಿ ನಿಲ್ಲಿಸಿದ್ರೆ ಎರಡೂ ಕಡೆ ಅರ್ಧರ್ಧ ಅಡಿ ಹೊರಗೆ ಚಾಚಿರ್ತಿತ್ತು, ಡಾಕಿಗೆ ಬಂದಾಗ ಮೊದಲು ಹೊಡೆಯೋದೇ ಅದು. ಎಂಟಡಿದು ತಗೊಂಡೆ. ಅಂಗಡೀಲೇ ಇಬ್ರೂ ಆಚೆ ಈಚೆ ಹಿಡ್ಕೊಂಡು ಪಾರ್ಕಿಂಗ್ ತನಕ ಹೊತ್ಕೊಂಡ್ ಹೋಗಿ ನೋಡಿದ್ವಿ, ಸೇಲ್ಸ್‌ನವ್ನು ನಗ್ತಿದ್ದ, ನಗ್ಲಿ ಬಿಡಿ.

ಮೋಟಾರು 2.5 ಎಚ್‌ಪಿ, 14 ಕೆಜಿ. ಸ್ಪೀಡ್ ನಾಲ್ಕೈದು ನಾಟ್ (ಗಂಟೆಗೆ ಏಳರಿಂದ ಒಂಬತ್ತು ಕಿಮೀ) ಅಷ್ಟೇ, ಮಕ್ಕಳು ಒಂದು ವಾರ ಗೊಣಗಿದ್ರು. ಬೋಟಿಂದ ಡಿಂಗಿಗೆ ಕೈ ಬದಲಾಯಿಸೋವಾಗ ಮೋಟಾರಿಗೆ ಮೊದಲೇ ಒಂದು ಹಗ್ಗ ಕಟ್ಟಿರಿ, ಜಾರಿದ್ರೆ ಹಗ್ಗದಲ್ಲಿ ನೇತಾಡುತ್ತೆ, ಇಲ್ದಿದ್ರೆ ನೇರ ತಳಕ್ಕೆ. ಡಿಂಗೀನ ಬೋಟಿನ ಹಿಂದೆ ಕಟ್ಟಿ ಎಳ್ಕೊಂಡ್ ಹೋಗೋರು ತೇಲೋ ಹಗ್ಗಾನೇ ಬಳಸಿ, ನೈಲಾನ್ ಮುಳುಗುತ್ತೆ, ನಾನು ರಿವರ್ಸ್ ಹಾಕಿದಾಗ ಒಂದು ಸಲ ಪ್ರೊಪೆಲ್ಲರ್ ಹತ್ರಾನೇ ಹೋಗಿತ್ತು.

ಡಿಂಗಿಗೆ ಅಂಟಿಸಿರೋ ಪ್ಲೇಟ್ ಮೇಲೆ ಮೂರು ಜನ ಅಂತ ಬರ್ದಿದೆ, ನಾವು ನಾಲ್ಕು ಜನ, ಎರಡು ಟ್ರಿಪ್ ಹೊಡಿತೀವಿ. 19 ಅಡಿಗಿಂತ ಚಿಕ್ಕ ಬೋಟಲ್ಲಿ 12 ವರ್ಷದ ತನಕ ಮಕ್ಕಳಿಗೆ ಲೈಫ್ ಜಾಕೆಟ್ ಇಲ್ಲಿ ಕಾನೂನು, ಆದ್ರೆ ಬೇಸಿಗೇಲೂ ನೀರು 10 ಡಿಗ್ರಿ ಆಸುಪಾಸು ಇರೋದ್ರಿಂದ ನಾವೂ ಹಾಕ್ಕೊತೀವಿ.

ಹೋದ ಸಲ ಅದೇ ಎಕೋ ಬೇನಲ್ಲಿ ಮತ್ತೆ ನೀರು ಇಳಿದಿತ್ತು. ಮೋಟಾರ್ ಬಿಚ್ಚಿ ಒಂದು ಸಲ, ಡಿಂಗಿ ಇನ್ನೊಂದು ಸಲ, ಹತ್ತು ನಿಮಿಷದಲ್ಲಿ ಎರಡೂ ನೀರಲ್ಲಿ. ಒಂದೇ ತಲೆನೋವು ಅಂದ್ರೆ ಮಧ್ಯಾಹ್ನದ ಬಿಸಿಲಲ್ಲಿ ಟೈಟಾಗಿ ಗಾಳಿ ತುಂಬಿದ್ರೂ ಈ ತಣ್ಣೀರಿಗೆ ಇಳಿಸಿದ ಮೇಲೆ ಟ್ಯೂಬ್ ಮೆತ್ತಗಾಗುತ್ತೆ, ನಾನು ತೂತಾಯ್ತು ಅಂತ ಸೋಪ್ ನೀರು ಹಚ್ಚಿ ಅರ್ಧ ದಿನ ಹುಡುಕಿದ್ದೆ. ಈಗ ನೀರಿಗೆ ಹಾಕಿ ಹತ್ತು ನಿಮಿಷ ಬಿಟ್ಟು ಇನ್ನೊಂದು ಸಲ ಪಂಪ್ ಮಾಡ್ತೀನಿ.