ಆರ್‌ವಿಯಲ್ಲಿ ಒಂದೇ ದಿನ 380 ಮೈಲಿ: ಮನೆಮಂದಿನೆಲ್ಲಾ ಕೂರಿಸ್ಕೊಂಡು ಬಾರ್ಸ್ಟೋದಿಂದ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗೋದು ಹೇಗೆ

ಸಮ್ಮರ್ ಬಂತು ಅಂದ್ರೆ ಕ್ಯಾಲಿಫೋರ್ನಿಯಾದ ಬೇ ಏರಿಯಾ, ಎಲ್‌ಎ ಕಡೆ ಇರೋ ನಮ್ಮವರ ಮನೇಲಿ ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಿರ್ತಾರೆ. ಅವರಿಗೆ ಗ್ರ್ಯಾಂಡ್ ಕ್ಯಾನ್ಯನ್ ತೋರಿಸ್ಬೇಕು, ಹೊರಗಿನ ಊಟ ಅವರಿಗೆ ಆಗಲ್ಲ, ಗಂಟೆಗೊಂದ್ಸಲ ಬಾತ್‌ರೂಮ್ ಬೇಕು, ಹಂಗಾಗಿ ಆರ್‌ವಿ, ಅಂದ್ರೆ ಒಲೆ, ಹಾಸಿಗೆ, ಬಾತ್‌ರೂಮ್ ಎಲ್ಲಾ ಇರೋ ದೊಡ್ಡ ಗಾಡಿ, ಬಾಡಿಗೆಗೆ ತಗೊಳ್ಳೋಣ ಅಂತ ಆಗುತ್ತೆ. ಒಳ್ಳೇದೇ. ಆದ್ರೆ ಈ ಟ್ರಿಪ್‌ನಲ್ಲಿ ಒಂದು ಉದ್ದದ ದಿನ ತಪ್ಪಲ್ಲ, ಕ್ಯಾಲಿಫೋರ್ನಿಯಾದ ಬಾರ್ಸ್ಟೋ ಊರಿಂದ ಐ-40 ಹೈವೇ ಹಿಡಿದು ನೀಡಲ್ಸ್, ಕಿಂಗ್‌ಮನ್, ವಿಲಿಯಮ್ಸ್ ದಾಟಿ ಕ್ಯಾನ್ಯನ್‌ನ ದಕ್ಷಿಣ ಅಂಚು ಸೌತ್ ರಿಮ್ ತನಕ, ಸುಮಾರು 380 ಮೈಲಿ.

ಮ್ಯಾಪ್ ಆರು ಗಂಟೆ ಅಂತ ತೋರಿಸುತ್ತೆ, ಅದನ್ನ ನಂಬಬೇಡಿ. ಅದು ಕಾರಿನ ಲೆಕ್ಕ. ನೀವು ಒಂಬತ್ತು ಗಂಟೆ ಅಂತಲೇ ಇಟ್ಕೊಳ್ಳಿ. ಆರ್‌ವಿ ಓಡಿಸಿ ಪಳಗಿದವರು ದಿನಕ್ಕೆ 300 ಮೈಲಿ ಸಾಕು, ಮಧ್ಯಾಹ್ನ 3ಕ್ಕೆ ಸೇರ್ಬೇಕು, ಸೇರಿದ ಕಡೆ 3 ದಿನ ಇರ್ಬೇಕು ಅಂತಾರೆ. ಇವತ್ತು ಮೊದಲ್ನೇದನ್ನ ಮುರೀತಿದ್ದೀವಿ, ಆದ್ರೆ ಬೆಳಕಿರೋವಾಗ್ಲೇ ಸೇರೋದನ್ನ ಮಾತ್ರ ಬಿಡೋ ಹಾಗಿಲ್ಲ. ದಿನದ ಪ್ಲಾನ್ ಎಲ್ಲಾ ಅದರ ಸುತ್ತಾನೇ.

ಹಿಂದಿನ ಸಂಜೆ

ಬಾರ್ಸ್ಟೋದಲ್ಲಿ ಸಂಜೆನೇ ಗ್ಯಾಸ್ (ಪೆಟ್ರೋಲ್) ತುಂಬಿಸಿ, ಬಂಕ್ ಒಳಗೆ ಹೋಗೋಕೆ ಮುಂಚೆ ಒಲೆಯ ಪ್ರೊಪೇನ್ ಆಫ್ ಮಾಡಿ. 25 ಅಡಿ ಗಾಡಿ ಗ್ಯಾಲನ್‌ಗೆ 8ರಿಂದ 10 ಮೈಲಿ ಕೊಟ್ರೆ ಹೆಚ್ಚು, ಅಂದ್ರೆ 210 ಮೈಲಿ ದೂರದ ಕಿಂಗ್‌ಮನ್‌ಗೆ ಹೆಚ್ಚುಕಮ್ಮಿ 25 ಗ್ಯಾಲನ್ ಬೇಕು, ಟ್ಯಾಂಕ್ ಫುಲ್ ಇದ್ರೆ ಆರಾಮಾಗಿ ಸಾಕಾಗುತ್ತೆ. ಅರಿಝೋನಾದಲ್ಲಿ ರೇಟ್ ಕ್ಯಾಲಿಫೋರ್ನಿಯಾಗಿಂತ ಎಷ್ಟೋ ಕಮ್ಮಿ, ಅದಕ್ಕೇ ಮಧ್ಯೆ ಎಲ್ಲೂ ಹಾಕಿಸ್ದೆ ಕಿಂಗ್‌ಮನ್‌ನಲ್ಲಿ ಮತ್ತೆ ತುಂಬಿಸೋದು. ಒಂದು ನೆನಪಿಡಿ, ಎಷ್ಟೋ ಗಾಡಿಗಳಲ್ಲಿ ಟ್ಯಾಂಕ್ ಕಾಲು ಭಾಗಕ್ಕೆ ಇಳಿದ್ರೆ ಜನರೇಟರ್ ತಾನಾಗೇ ನಿಂತುಬಿಡುತ್ತೆ, ಜುಲೈನಲ್ಲಿ ನೀಡಲ್ಸ್ ಹತ್ರ 45 ಡಿಗ್ರಿ ಬಿಸಿಲಲ್ಲಿ ಎಸಿ ಹೋದ್ರೆ ಯಾರ ಮುಖಾನೂ ನೋಡೋಕಾಗಲ್ಲ.

ನೀರಿನ ಟ್ಯಾಂಕ್ ಫುಲ್ ಮಾಡಬೇಡಿ, ಮೂರನೇ ಒಂದು ಭಾಗ ಇದ್ರೆ ಆಯ್ತು, ಒಂದು ಗ್ಯಾಲನ್ ನೀರು ಹತ್ತಿರ ಹತ್ತಿರ 3.8 ಕೆಜಿ, ಸುಮ್ನೆ ಯಾಕೆ ಹೊತ್ಕೊಂಡು ಹೋಗೋದು. ಕೊಳೆನೀರು ಡಂಪ್ ಮಾಡೋವಾಗ ಗ್ಲೌಸ್ ಹಾಕ್ಕೊಂಡು ಮೊದಲು ಬ್ಲ್ಯಾಕ್ ಟ್ಯಾಂಕ್ (ಟಾಯ್ಲೆಟ್‌ದು), ಆಮೇಲೆ ಗ್ರೇ (ಸಿಂಕ್, ಶವರ್‌ದು), ಪಾತ್ರೆ ತೊಳೆದ ಸೋಪ್ ನೀರು ಹಿಂದಿನಿಂದ ಬಂದು ಪೈಪನ್ನ ತೊಳೆದುಬಿಡುತ್ತೆ.

ಅಡುಗೆನೂ ರಾತ್ರೀನೇ ಮುಗಿಸಿ, ಗಾಡಿ ನಿಲ್ಸಿರೋ ಆರ್‌ವಿ ಪಾರ್ಕ್‌ನ ಕರೆಂಟ್ ಇರೋವಾಗ. 30 ಆಂಪ್ ಅಂದ್ರೆ ಒಟ್ಟು 3600 ವ್ಯಾಟ್, ಎಸಿ, ಇನ್‌ಸ್ಟಂಟ್ ಪಾಟ್, ಮೈಕ್ರೋವೇವ್ ಮೂರೂ ಒಟ್ಟಿಗೆ ಹಾಕಿದ್ರೆ ಬ್ರೇಕರ್ ಟಪ್ ಅನ್ನುತ್ತೆ. ಚಿತ್ರಾನ್ನದ ಒಗ್ಗರಣೆಗೆ ಕಿಟಕಿ ತೆಗೆದು ಫ್ಯಾನ್ ಹಾಕಿ, ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದು ಘಾಟು ಎದ್ದ ತಕ್ಷಣ ಸ್ಮೋಕ್ ಅಲಾರ್ಮ್ ಕೂಗಿ ಪಕ್ಕದ ಸೈಟ್‌ನವರೆಲ್ಲಾ ಆಚೆ ಬರ್ತಾರೆ. ದಾರಿಗೆ ಚಿತ್ರಾನ್ನ, ಮೊಸರನ್ನ, ಚಟ್ನಿಪುಡಿ ಸಾಕು. ಗಾಡಿ ಓಡ್ತಿರೋವಾಗ ಒಲೆ ಮುಟ್ಟೋದೇ ಬೇಡ.

ಬೆಳಿಗ್ಗೆ ಹೊರಡೋವಾಗ

ಆರಕ್ಕೆ ಚಕ್ರ ಉರುಳ್ಬೇಕು. ಒಬ್ಬರು ಒಳಗೆ, ಒಬ್ಬರು ಹೊರಗೆ ಒಂದು ರೌಂಡ್ ಹಾಕಿ. ಡ್ರಾಯರ್, ಫ್ರಿಜ್ ಬಾಗಿಲು ಲಾಕ್ ಆಗಿದ್ಯಾ, ಮೇಲಿನ ವೆಂಟ್ ಮುಚ್ಚಿದ್ಯಾ, ಸ್ಲೈಡ್ (ನಿಲ್ಸಿದಾಗ ಆಚೆ ಚಾಚೋ ಗೋಡೆಯ ಭಾಗ) ಒಳಗೆ ಬಂದಿದ್ಯಾ, ಮೆಟ್ಟಿಲು ಮಡಚಿದ್ಯಾ, ಕರೆಂಟ್ ವೈರ್ ಕಿತ್ತಿದ್ಯಾ.

ಆಮೇಲೆ ಸೀಟಿನ ವಿಷಯ, ಜಗಳ ಆಗೋದೇ ಇಲ್ಲಿ. "ಅದೇನೋ, ಮನೆ ತರ ಇದೆ, ನಾನು ಹಿಂದೆ ಮಲ್ಕೋತೀನಿ" ಅಂತಾರೆ ಮಾವ. ಬೇಡ ಮಾವ, ಬೆಲ್ಟ್ ಹಾಕ್ಕೊಂಡು ಕೂತ್ಕೊಳ್ಳಿ ಅಂತ ಮೊದಲೇ ಹೇಳಿಬಿಡಿ, ಓಡೋ ಗಾಡೀಲಿ ಎದ್ದು ಬಾತ್‌ರೂಮ್‌ಗೆ ಹೋಗೋದೂ ಇಲ್ಲ, ನಿಲ್ಸಿದ ಮೇಲೇನೇ. ಮಕ್ಕಳ ಕಾರ್ ಸೀಟನ್ನ ಮುಂದಕ್ಕೆ ಮುಖ ಇರೋ ಸೀಟಿಗೆ ಮಾತ್ರ ಕಟ್ಟಿ, ಸೈಡ್‌ಗೆ ತಿರುಗಿರೋ ಸೋಫಾ ಅದಕ್ಕಲ್ಲ.

ರೋಡ್ ಮೇಲೆ

ಲಿಮಿಟ್ ಕ್ಯಾಲಿಫೋರ್ನಿಯಾದಲ್ಲಿ 70, ಅರಿಝೋನಾದಲ್ಲಿ 75 ಇದ್ರೂ ನೀವು ಬಲಗಡೆ ಲೇನ್‌ನಲ್ಲಿ 60-62ರಲ್ಲಿ ಹೋಗ್ತಾ ಇರಿ. ಮೊಹಾವಿ ಮರುಭೂಮಿಯಲ್ಲಿ ಅಡ್ಡಗಾಳಿ ಜೋರು, ದೊಡ್ಡ ಟ್ರಕ್ ಪಾಸ್ ಆಗೋವಾಗ ಗಾಡೀನ ಮೊದಲು ಆಚೆ ತಳ್ಳಿ ಆಮೇಲೆ ತನ್ನ ಕಡೆ ಎಳೆದ ಹಾಗಾಗುತ್ತೆ, ಗಾಬರಿಯಲ್ಲಿ ಸ್ಟೇರಿಂಗ್ ತಿರುಗಿಸ್ಬೇಡಿ, ಗಟ್ಟಿಯಾಗಿ ಹಿಡಿದ್ರೆ ಸಾಕು. ಎರಡು ಗಂಟೆಗೊಂದ್ಸಲ ನಿಲ್ಸಿ, ಡ್ರೈವರ್ ಬದಲಾಯ್ಸಿ. ಆದಷ್ಟೂ ಟ್ರಕ್ ಸ್ಟಾಪ್‌ಗೇ ಹೋಗಿ, ಸಣ್ಣ ಬಂಕ್‌ನಲ್ಲಿ ತಿರುಗ್ಸೋವಾಗ ಹಿಂದಿನ ಚಕ್ರದಿಂದ ಆಚೆ ಇರೋ ಬಾಲ ಎದುರು ದಿಕ್ಕಿಗೆ ಬೀಸಿ ಕಂಬಕ್ಕೆ ತಗಲುತ್ತೆ. ಡ್ರೈವ್-ಥ್ರೂ ಮರೆತುಬಿಡಿ, ಗಾಡಿ 11-12 ಅಡಿ ಎತ್ತರ.

ನೀಡಲ್ಸ್ ಇರೋದು ಸುಮಾರು 500 ಅಡಿ ಎತ್ತರದಲ್ಲಿ, ವಿಲಿಯಮ್ಸ್ 6,700 ಅಡಿ ಮೇಲೆ. ಅಲ್ಲಿಂದ ಇಲ್ಲಿಗೆ ಏರೋವಾಗ ಇಂಜಿನ್ ಕೂಗುತ್ತೆ, ಸ್ಪೀಡ್ 45ಕ್ಕೆ ಇಳಿದ್ರೂ ಪರವಾಗಿಲ್ಲ, ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿಡಿ, ಏರ್ತಾನೇ ಇದ್ರೆ ಎಸಿ ಆಫ್ ಮಾಡಿ. ಕಿಂಗ್‌ಮನ್ ದಾಟಿದ ಮೇಲೆ ಶೆಲ್ಫಲ್ಲಿರೋ ಚಿಪ್ಸ್ ಪ್ಯಾಕೆಟ್ ನೋಡಿ, ಬಲೂನ್ ತರ ಉಬ್ಬಿರುತ್ತೆ, ಮಕ್ಕಳಿಗೆ ಅರ್ಧ ಗಂಟೆ ಅದೇ ಆಟ. ಇಳಿಜಾರಲ್ಲಿ ಬ್ರೇಕ್ ಒತ್ತುತ್ತಾನೇ ಇರಬೇಡಿ, ಟೋ-ಹಾಲ್ ಬಟನ್ ಒತ್ತಿ, ಗೇರೇ ಹಿಡಿದುಕೊಳ್ಳುತ್ತೆ.

ಸೇರೋದು

ವಿಲಿಯಮ್ಸ್‌ನಿಂದ ಹೈವೇ 64ರಲ್ಲಿ ಕೊನೇ 60 ಮೈಲಿ. ಕತ್ತಲಾಗೋ ಹೊತ್ತಿಗೆ ಎಲ್ಕ್, ಜಿಂಕೆ ರೋಡಿಗೆ ಬರ್ತವೆ, ಬೆಳಕಲ್ಲೇ ಸೇರಿ ಅಂದಿದ್ದು ಇದಕ್ಕೇ. ಪಾರ್ಕ್ ಒಳಗೆ ಕರೆಂಟ್, ನೀರು, ಡ್ರೈನ್ ಮೂರೂ ಬೇಕಂದ್ರೆ ಟ್ರೈಲರ್ ವಿಲೇಜ್ ಬುಕ್ ಮಾಡಿ, ಮ್ಯಾದರ್ ಕ್ಯಾಂಪ್‌ಗ್ರೌಂಡ್‌ನಲ್ಲಿ ಈ ಹುಕಪ್ ಇಲ್ಲ. ಎರಡಕ್ಕೂ ತಿಂಗಳುಗಟ್ಟಲೆ ಮುಂಚೆ ನೋಡ್ಕೊಳ್ಳಿ. ಹಗಲು ಬೆವರು ಇಳಿಸ್ಕೊಂಡು ಬಂದವರಿಗೆ ರಾತ್ರಿ ಸ್ವೆಟರ್ ಬೇಕಾಗುತ್ತೆ, ಅತ್ತೆಯವರ ಶಾಲು ಕೈಗೆ ಸಿಗೋ ಹಾಗಿಡಿ.

ವಾಪಸ್ ಬರೋವಾಗ ನೀಡಲ್ಸ್ ಹತ್ರ ಕ್ಯಾಲಿಫೋರ್ನಿಯಾದ ಅಗ್ರಿಕಲ್ಚರ್ ಚೆಕ್‌ಪೋಸ್ಟ್ ಇದೆ, ಹಣ್ಣು, ಗಿಡ ಏನಾದ್ರೂ ಇದ್ಯಾ ಅಂತ ಕೇಳ್ತಾರೆ. ನಿಂಬೆ, ಕಿತ್ತಳೆ ಜಾತಿಗೇ ಸೇರಿದ್ದು ನಮ್ಮ ಕರಿಬೇವು, ನಿಂಬೆ ಗಿಡಗಳಿಗೆ ರೋಗ ತರೋ ಹುಳ ಅದರ ಮೇಲೂ ಕೂರುತ್ತೆ, ಹಂಗಾಗಿ ಸಿಕ್ರೆ ಚೆಕ್‌ಪೋಸ್ಟ್‌ನವರು ಕಿತ್ಕೋಬಹುದು. ಉಳಿದ ಕರಿಬೇವನ್ನೆಲ್ಲಾ ಕ್ಯಾನ್ಯನ್‌ನಲ್ಲೇ ಸಾರಿಗೆ ಹಾಕಿ ಮುಗಿಸಿ.