ಬಾಯ್ಲರಿನ ಮುಳ್ಳು ಯಾಕೆ ಇಳಿಯುತ್ತಿತ್ತು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮದು ಹಳೆಯ ಇಟ್ಟಿಗೆ ಮನೆ. ಅಡುಗೆಮನೆಯಲ್ಲಿ ಕಾಂಬಿ ಬಾಯ್ಲರ್ ಇದೆ. ನಲ್ಲಿಯ ಬಿಸಿನೀರೂ ಕೋಣೆ ಬೆಚ್ಚಗಿಡುವ ರೇಡಿಯೇಟರುಗಳ ಕಾವೂ ಅದರಿಂದಲೇ. ಕಳೆದ ಡಿಸೆಂಬರಿನಲ್ಲಿ ಅಮ್ಮ ಹಾಸನದಿಂದ ಬಂದು ವಾರವಾಗಿತ್ತು. ಬೆಳಗಿನ ಐದಕ್ಕೇ ಶಾಲು ಹೊದ್ದು ನನ್ನ ರೂಮಿನ ಬಾಗಿಲು ತಟ್ಟಿದರು. "ಮನೆಯೆಲ್ಲ ಕೊರೀತಿದೆ ಕಣೇ, ಆ ಬಾಯ್ಲರ್ ನಿಂತುಹೋಗಿದೆ ನೋಡು."

ಒತ್ತಡದ ಮುಳ್ಳು 0.4 ಬಾರ್‌ಗೆ ಇಳಿದಿತ್ತು. ತಣ್ಣಗಿದ್ದಾಗ 1ರಿಂದ 1.5ರೊಳಗೆ ಇರಬೇಕು. ಆ ತಿಂಗಳಲ್ಲಿ ಇದು ಮೂರನೇ ಸಲ. ಪ್ರತಿ ಸಲವೂ ಕೆಳಗಿನ ವಾಲ್ವ್ ತಿರುಗಿಸಿ ನೀರು ತುಂಬಿಸಿ ಸುಮ್ಮನಾಗುತ್ತಿದ್ದೆ. ಹಾಗೆ ಮಾಡಬಾರದಿತ್ತು. ಹೊಸ ನೀರಿನ ಜೊತೆ ಆಮ್ಲಜನಕವೂ ಒಳಗೆ ಸೇರಿ ರೇಡಿಯೇಟರು ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ, ಕಪ್ಪು ಕೆಸರು ಕಟ್ಟುತ್ತದೆ.

ನೀರು ಎಲ್ಲಿ ಹೋಗುತ್ತಿದೆ ಎಂದು ಕಂಡುಹಿಡಿದದ್ದು ಅಮ್ಮನೇ. ಹಿತ್ತಲಲ್ಲಿ ಹಕ್ಕಿಗೆ ಅನ್ನ ಹಾಕಲು ಹೋದವರು ನನ್ನನ್ನು ಕರೆದರು. ಗೋಡೆಯಿಂದ ಹೊರಬಂದ ತಾಮ್ರದ ಕೊಳವೆಯ ಕೆಳಗೆ ಇಟ್ಟಿಗೆಗೆ ಪಾಚಿ ಹಿಡಿದಿತ್ತು, ಅದರ ಮೇಲೆ ಎರಡು ಬೆರಳಗಲ ಮಂಜುಗಡ್ಡೆ. ಅದು ಸೇಫ್ಟಿ ವಾಲ್ವಿನ ಕೊಳವೆ. ಒತ್ತಡ 3 ಬಾರ್ ಮುಟ್ಟಿದರೆ ಅದು ನೀರನ್ನು ಹೊರಗೆ ಬಿಡುತ್ತದೆ. ಬಾಯ್ಲರ್ ಪೂರ್ತಿ ಕಾದಾಗ ಹೋಗಿ ನೋಡಿದೆ: ಮುಳ್ಳು 2.9.

ಇಲ್ಲಿ ಗ್ಯಾಸ್ ಕೆಲಸಕ್ಕೆ ಗ್ಯಾಸ್ ಸೇಫ್ ಎಂಬ ಅಧಿಕೃತ ಪಟ್ಟಿಯಲ್ಲಿ ನೋಂದಣಿ ಇದ್ದವರೇ ಬರಬೇಕು, ಅದು ಕಾನೂನು. ಬಂದವರ ಕಾರ್ಡ್ ಕೇಳಿ ನೋಡಿದೆ. ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಎಂಬುದು ಅದರ ಹಿಂಬದಿಯಲ್ಲಿರುತ್ತದೆ. ಕೇಳಲು ಸಂಕೋಚ ಬೇಡ. ಅವರು ಮುಚ್ಚಳ ಬಿಚ್ಚಿ ಎಕ್ಸ್‌ಪ್ಯಾನ್ಷನ್ ವೆಸೆಲ್ ತೋರಿಸಿದರು. ನೀರು ಕಾದು ಹಿಗ್ಗಿದಾಗ ಅದಕ್ಕೆ ಜಾಗ ಕೊಡುವ, ಅರ್ಧ ಗಾಳಿ ತುಂಬಿದ ಡಬ್ಬ ಅದು. ಅದಕ್ಕೂ ಟೈರಿಗಿರುವಂಥದೇ ವಾಲ್ವ್. ಪಿನ್ ಒತ್ತಿದರೆ ಗಾಳಿಯೂ ಬರಲಿಲ್ಲ, ನೀರೂ ಬರಲಿಲ್ಲ. ಗಾಳಿ ಖಾಲಿಯಾಗಿತ್ತು; ಹಿಗ್ಗಿದ ನೀರಿಗೆ ಜಾಗವಿಲ್ಲದೆ ಒತ್ತಡ ಏರಿ, ಸೇಫ್ಟಿ ವಾಲ್ವಿನಿಂದ ನೀರು ಹೊರಹೋಗಿ, ತಣ್ಣಗಾದಾಗ ಮುಳ್ಳು ಇಳಿಯುತ್ತಿತ್ತು. ನೀರು ಬಂದಿದ್ದರೆ ಒಳಗಿನ ರಬ್ಬರ್ ಪೊರೆ ಹರಿದಿದೆ ಎಂದರ್ಥ, ಖರ್ಚು ದೊಡ್ಡದಾಗುತ್ತಿತ್ತು. ಒತ್ತಡವನ್ನು ಸೊನ್ನೆಗೆ ಇಳಿಸಿ, ಪಂಪಿನಿಂದ ಗಾಳಿ ಹೊಡೆದು, ಮತ್ತೆ ನೀರು ತುಂಬಿಸಿ 1.3ಕ್ಕೆ ನಿಲ್ಲಿಸಿದರು. ಸೇಫ್ಟಿ ವಾಲ್ವನ್ನೂ ಬದಲಿಸಿದರು; ಕೆಸರಿನ ಕಣ ಸಿಕ್ಕಿಕೊಂಡರೆ ಅದು ಮತ್ತೆ ಸರಿಯಾಗಿ ಮುಚ್ಚುವುದಿಲ್ಲವಂತೆ.

ಆಮೇಲೆ ರೇಡಿಯೇಟರಿಗೆ ಹೋಗುವ ನೀರಿನ ಬಿಸಿಯನ್ನು 75 ಡಿಗ್ರಿಯಿಂದ 58ಕ್ಕೆ ಇಳಿಸಿದರು. ಮರಳಿ ಬರುವ ನೀರು 55ಕ್ಕಿಂತ ಕೆಳಗಿದ್ದರೆ ಹೊಗೆಯೊಳಗಿನ ಆವಿ ಅಲ್ಲೇ ನೀರಾಗಿ, ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಕಂಡೆನ್ಸಿಂಗ್ ಬಾಯ್ಲರ್ ಗ್ಯಾಸ್ ಉಳಿಸುವುದು ಹೀಗೆ. ಈಗ ರೇಡಿಯೇಟರು ಮುಟ್ಟಿದರೆ ಸುಡುವುದಿಲ್ಲ, ಬಾಯ್ಲರ್ ಹೆಚ್ಚು ಹೊತ್ತು ಓಡುತ್ತದೆ, ಮನೆ 19 ಡಿಗ್ರಿಯಲ್ಲಿ ನಿಂತಿದೆ. ಸಿಲಿಂಡರ್ ತೊಟ್ಟಿಯಲ್ಲಿ ಬಿಸಿನೀರು ಶೇಖರಿಸುವ ಮನೆಯವರು ಮಾತ್ರ ತೊಟ್ಟಿಯ ನೀರನ್ನು 60ಕ್ಕಿಂತ ಇಳಿಸಬಾರದು, ಲೀಜಿಯೊನೆಲ್ಲಾ ಎಂಬ ರೋಗಾಣು ಬೆಳೆಯುತ್ತದೆ.

ಕೊನೆಗೆ ಹೊಗೆ ಕೊಳವೆಗೆ ಮೀಟರಿನ ಕಡ್ಡಿ ತೂರಿಸಿ ಕಾರ್ಬನ್ ಮಾನಾಕ್ಸೈಡ್ ಅಳೆದರು. ಅದೇನು ಎಂದು ಅಮ್ಮ ಕೇಳಿದರು. ವಾಸನೆಯಿಲ್ಲದ ವಿಷಗಾಳಿ, ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಬರುತ್ತದೆ, ಉಸಿರಾಡಿದವರಿಗೆ ಗೊತ್ತೇ ಆಗುವುದಿಲ್ಲ ಎಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ನಮ್ಮನೇಲಿ ಗ್ಯಾಸ್ ಗೀಸರ್ ಬಚ್ಚಲೊಳಗೇ ಇದೆಯಲ್ಲೇ. ಚಳೀಂತ ಕಿಟಕೀನೂ ಹಾಕ್ಕೊಂಡಿರ್ತೀವಿ."

ಹಾಸನದಲ್ಲಿ ಆಗ ರಾತ್ರಿ ಹತ್ತು. ತಮ್ಮನನ್ನು ಎಬ್ಬಿಸಿ ಮಾತಾಡಿದೆವು. ಆ ಭಾನುವಾರವೇ ಪ್ಲಂಬರ್ ಬಂದು ಗೀಸರನ್ನು ಬಚ್ಚಲಿನ ಹೊರಗೋಡೆಗೆ ಸಾಗಿಸಿದ.