ದರಕು ಬಾಚುವಾಗ ಜಿಂಕೆಮರಿ ಸಿಕ್ಕರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಸೊಪ್ಪಿನ ಬೆಟ್ಟಗಳಲ್ಲಿ (ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ದರಕು, ಅಂದರೆ ಉದುರಿದ ಒಣ ಎಲೆ ಬಾಚುವಾಗ ಒಮ್ಮೊಮ್ಮೆ ಒಂಟಿ ಮರಿ ಕಣ್ಣಿಗೆ ಬೀಳುತ್ತದೆ. ಕಡವೆಯದ್ದೋ, ಚುಕ್ಕೆಜಿಂಕೆಯದ್ದೋ, ಕಾಡುಕುರಿಯದ್ದೋ ಇರಬಹುದು. ‘ಪಾಪ, ತಾಯಿ ಬಿಟ್ಟುಹೋಗಿದೆ’ ಎಂದು ಎತ್ತಿಕೊಂಡು ಬರುವುದೇ ಮೊದಲ ತಪ್ಪು. ಅದು ಬಿಟ್ಟುಹೋದ ಮರಿಯಲ್ಲ, ಅಡಗಿಸಿಟ್ಟ ಮರಿ. ಎಳೆಗೂಸಿಗೆ ತಾಯಿಯ ಹಿಂದೆ ಓಡುವ ಕಸುವಿಲ್ಲ, ಮೈವಾಸನೆಯೂ ಕಡಿಮೆ. ತಾಯಿ ದೂರದಲ್ಲಿ ಮೇಯುತ್ತ, ಹಾಲೂಡಿಸುವುದಕ್ಕಷ್ಟೇ ಬಂದುಹೋಗುತ್ತದೆ. ಕತ್ತು ಚಾಚಿ ನೆಲಕ್ಕಂಟಿ ಮಲಗಿರುವುದು ಕಾಯಿಲೆಯ ಲಕ್ಷಣವಲ್ಲ.

ಇನ್ನೊಂದು ಎಡವಟ್ಟು ಬರ್ಕದ್ದು, ಅಂದರೆ ಜಿಂಕೆಮರಿಯಂತೆ ಕಾಣುವ ಪುಟ್ಟ ಕಾಡುಪ್ರಾಣಿಯದ್ದು. ಒಂದಡಿ ಎತ್ತರ, ಮೂರು ಕಿಲೋ ಆಸುಪಾಸಿನ ತೂಕ, ಮೈತುಂಬ ಬಿಳಿ ಚುಕ್ಕೆ, ಗೆರೆ. ಮರಿಯೆಂದು ನೀವು ಹಿಡಿದದ್ದು ಪೂರ್ತಿ ಬೆಳೆದ ಪ್ರಾಣಿಯೇ ಆಗಿರಬಹುದು!

ಮರಿ ಕಂಡ ಕೂಡಲೇ ಬಾಚುವುದನ್ನು ನಿಲ್ಲಿಸಿ, ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಸುತ್ತ ಐವತ್ತು ಹೆಜ್ಜೆಯಷ್ಟು ಜಾಗವನ್ನು ಒಂದೆರಡು ವಾರ ಮುಟ್ಟಬೇಡಿ. ಅಲ್ಲಿನ ದರಕು ಎಲ್ಲಿಗೂ ಓಡಿಹೋಗುವುದಿಲ್ಲ. ‘ತಾಯಿ ಬಂತಾ?’ ಎಂದು ಗಳಿಗೆಗೊಮ್ಮೆ ಇಣುಕಿದರೆ ಅದು ಬರುವುದೇ ಇಲ್ಲ. ಮನೆನಾಯಿಯನ್ನು ಕಟ್ಟಿಹಾಕಿ. ಫೋಟೋ ತೆಗೆದು ಊರಿನ ಗ್ರೂಪಿಗೆ ಹಾಕಿದರೆ ಸಂಜೆಯೊಳಗೆ ಅರ್ಧ ಊರು, ಅದರ ಹಿಂದೆ ನಾಯಿಗಳು.

ಆಗಲೇ ಮನೆಗೆ ತಂದಾಗಿದ್ದರೆ? ಮನುಷ್ಯರು ಮುಟ್ಟಿದ ಮಾತ್ರಕ್ಕೆ ತಾಯಿ ಮರಿಯನ್ನು ತೊರೆಯುತ್ತದೆ ಎಂಬುದು ಬರೀ ನಂಬಿಕೆ. ಅರಣ್ಯ ಇಲಾಖೆಗೆ ತಿಳಿಸಿ, ಗಾಯವಿಲ್ಲದಿದ್ದರೆ ಅದೇ ದಿನ ಅದೇ ಜಾಗದಲ್ಲಿ ಬಿಟ್ಟು ಬನ್ನಿ. ಸಾಕುತ್ತೇನೆಂದು ಇಟ್ಟುಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ನಾಯಿ ಕಚ್ಚಿದ ಗಾಯ, ಗಾಯದ ಮೇಲೆ ಅಕ್ಕಿಕಾಳಿನಂಥ ನೊಣದ ಮೊಟ್ಟೆ, ಹತ್ತಿರದಲ್ಲೇ ಸತ್ತ ತಾಯಿ, ತಾಸುಗಟ್ಟಲೆ ಕೂಗುತ್ತ ಅಲೆಯುವುದು: ಇವು ಕಂಡರೆ ಮಾತ್ರ ಸಹಾಯ ಬೇಕು. ಆಗ ಅರಣ್ಯ ಸಹಾಯವಾಣಿ 1926ಕ್ಕೆ ಅಥವಾ ಹತ್ತಿರದ ವಲಯ ಅರಣ್ಯ ಕಚೇರಿಗೆ ಫೋನ್ ಮಾಡಿ. ತೋಟದ ಕಾದಿಗೆಯ (ಬಸಿಗಾಲುವೆಯ) ನೀರಿನಲ್ಲಿ ಸಿಕ್ಕಿಕೊಂಡಿದ್ದರೆ ಎತ್ತಿ ದಂಡೆಯ ಮೇಲೆ ಬಿಟ್ಟು ಸರಿದರೆ ಸಾಕು.

ಅರಣ್ಯ ಸಿಬ್ಬಂದಿ ಬರುವವರೆಗೆ ಗಾಯಗೊಂಡ ಇಲ್ಲವೇ ತಾಯಿ ಸತ್ತ ಮರಿಯನ್ನು ಗಾಳಿಯಾಡುವ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಹುಲ್ಲು ಹಾಸಿ ಮಲಗಿಸಿ, ಮೇಲೆ ತೆಳು ಬಟ್ಟೆ ಹೊದಿಸಿ, ಕತ್ತಲೆಯ ಕೋಣೆಯಲ್ಲಿಡಿ. ಕಾಲು ಕಟ್ಟಬೇಡಿ, ಹೆದರಿ ಒದ್ದಾಡಿದರೆ ಸ್ನಾಯು ಹಾಳಾಗಿ ಸಾಯುವುದೂ ಉಂಟು. ಆಕಳ ಹಾಲು ಬೇಡವೇ ಬೇಡ. ಅದು ಜಿಂಕೆಯ ಹಾಲಿನಷ್ಟು ಗಟ್ಟಿಯಲ್ಲ, ಮರಿಗೆ ಭೇದಿ ಹಿಡಿಯುತ್ತದೆ. ಒಳಲೆಯಲ್ಲಿ ನೀರು ಹೊಯ್ಯುವುದೂ ಬೇಡ, ನೆತ್ತಿಗೇರಿ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.